ಮೂತ್ರಕೋಶ ತೆಗೆದ ಮೇಲೆ: ಚೀಲ ಹೊರಗೋ, ಒಳಗೋ?

"ಡಾಕ್ಟ್ರೇ, ಜೀವ ಹೋದರೂ ಚಿಂತೆಯಿಲ್ಲ. ಹೊಟ್ಟೆಗೆ ಚೀಲ ಕಟ್ಟಿಕೊಂಡು ಮಾತ್ರ ಬದುಕಲಾರೆ."

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ದೊಡ್ಡಾಸ್ಪತ್ರೆಯ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು ಹೀಗೆಂದರು. ಅವರ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಅದು ಗೋಡೆಯ ಸ್ನಾಯುವಿನೊಳಕ್ಕೂ ಇಳಿದಿದ್ದರಿಂದ ಇಡೀ ಮೂತ್ರಕೋಶವನ್ನೇ ತೆಗೆಯಬೇಕೆಂದು ತಜ್ಞರು ಹೇಳಿದ್ದರು. ಮೇಷ್ಟ್ರಿಗೆ ಗಡ್ಡೆಗಿಂತ ಚೀಲದ ಭಯವೇ ಹೆಚ್ಚು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ಹೆಂಡತಿ ಒಳಗೆ ಬಂದು ಮೆಲ್ಲಗೆ, "ಅದನ್ನ ಇಟ್ಕೊಂಡು ದೇವರ ಮುಂದೆ ಕೂರೋದು ಹೇಗೆ ಅಂತ ಇವರಿಗೆ ಯೋಚನೆ" ಎಂದರು.

ಇದು ಮೇಷ್ಟ್ರೊಬ್ಬರ ಭಯವಲ್ಲ. ಚೀಲಕ್ಕೆ ಹೆದರಿ ನಾಟಿ ಔಷಧಿ, ಹರಕೆ ಎಂದು ತಿಂಗಳುಗಟ್ಟಲೆ ಕಳೆದು, ಗುಣವಾಗಬಹುದಾಗಿದ್ದ ಕಾಯಿಲೆಯನ್ನು ಕೈಮೀರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಮೂತ್ರಕೋಶ ತೆಗೆದ ಮೇಲೆ ಮೂತ್ರಕ್ಕೆ ದಾರಿ ಮಾಡಿಕೊಡುವ ವಿಧಾನ ಒಂದೇ ಅಲ್ಲ. ಹೊರಗೆ ಚೀಲವಿಲ್ಲದೆ, ಹೊಟ್ಟೆಯೊಳಗೇ ಮೂತ್ರವನ್ನು ಹಿಡಿದಿಟ್ಟು, ನಮಗೆ ಬೇಕೆನಿಸಿದಾಗ ಹೊರಬಿಡುವ ಶಸ್ತ್ರಚಿಕಿತ್ಸೆಗಳೂ ಇವೆ. ಆದರೆ ಅವು ಎಲ್ಲರಿಗೂ ಒಗ್ಗುವುದಿಲ್ಲ. ಒಗ್ಗಿದವರೂ ಜೀವನಪರ್ಯಂತ ಒಂದಿಷ್ಟು ಶಿಸ್ತಿಗೆ ಒಳಪಡಬೇಕಾಗುತ್ತದೆ. ಈ ವಾರ ಆ ವಿಷಯ.

ಮೂತ್ರಕೋಶದ ಎರಡು ಗುಣ

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ತಯಾರಿಸುತ್ತವೆ. ಅದು ಎರಡು ಮೂತ್ರನಾಳಗಳ ಮೂಲಕ ಹನಿಹನಿಯಾಗಿ ಇಳಿದು ಮೂತ್ರಕೋಶದಲ್ಲಿ ಸೇರುತ್ತದೆ. ಮೂತ್ರಕೋಶ 400ರಿಂದ 500 ಮಿ.ಲೀ.ನಷ್ಟು ಹಿಡಿಯುತ್ತದೆ. ಇದನ್ನು ಬರೀ ಚೀಲವೆಂದು ತಿಳಿಯಬಾರದು. ತುಂಬುತ್ತ ಹೋದಂತೆ ಅದು ಹಿಗ್ಗುತ್ತದೆಯೇ ಹೊರತು ಒಳಗಿನ ಒತ್ತಡವನ್ನು ಏರಗೊಡುವುದಿಲ್ಲ. ಒತ್ತಡ ಏರಿದರೆ ಅದು ಮೇಲಕ್ಕೆ ತಾಗಿ ಮೂತ್ರಪಿಂಡಗಳು ಕೆಡುತ್ತವೆ. ಎರಡನೆಯದಾಗಿ, ಮೂತ್ರದಲ್ಲಿರುವ ಕಲ್ಮಶವನ್ನು ಅದರ ಒಳಪದರ ಮತ್ತೆ ರಕ್ತಕ್ಕೆ ಸೇರಲು ಬಿಡುವುದಿಲ್ಲ.

ಇಂಥ ಅಂಗಕ್ಕೆ ಬದಲಿ ಎಲ್ಲಿಂದ ತರುವುದು? ಕೃತಕ ವಸ್ತುಗಳಿಂದ ಮೂತ್ರಕೋಶ ಮಾಡುವ ಪ್ರಯತ್ನಗಳು ನಡೆದಿವೆ. ಮೂತ್ರದ ಲವಣ ಕಟ್ಟಿಕೊಂಡು, ಸೋಂಕು ತಗಲಿ ಅವು ಕೈಕೊಟ್ಟವು. ಉಳಿದದ್ದು ರೋಗಿಯ ಸ್ವಂತ ಕರುಳು. ಸಣ್ಣಕರುಳು ಹಲವು ಮೀಟರ್ ಉದ್ದವಿರುವುದರಿಂದ ಅರ್ಧ ಮೀಟರಿನಷ್ಟನ್ನು ಅದರ ರಕ್ತನಾಳಗಳ ಸಮೇತ ಬೇರ್ಪಡಿಸಿ, ಉಳಿದ ತುದಿಗಳನ್ನು ಮತ್ತೆ ಜೋಡಿಸಿದರೆ ಊಟ ತಿಂಡಿ ಮೊದಲಿನಂತೆಯೇ ಸಾಗುತ್ತದೆ. ಆದರೆ ಕರುಳಿನ ಹುಟ್ಟುಗುಣ ಮೂತ್ರಕೋಶದ್ದಕ್ಕೆ ತೀರ ವಿರುದ್ಧ. ಒಳಗೆ ಬಂದದ್ದನ್ನು ಅದು ಹಿಂಡಿ ಹಿಂಡಿ ಮುಂದೆ ತಳ್ಳುತ್ತದೆ, ಜೊತೆಗೆ ಸಿಕ್ಕಿದ್ದನ್ನು ಹೀರಿಕೊಳ್ಳುತ್ತದೆ. ಈ ಎರಡು ಅಭ್ಯಾಸಗಳ ಜೊತೆ ಶಸ್ತ್ರವೈದ್ಯರು ನಡೆಸಿದ ಗುದ್ದಾಟವೇ ಈ ಚಿಕಿತ್ಸೆಯ ಇತಿಹಾಸ.

1852ರಲ್ಲಿ ಲಂಡನ್ನಿನ ಜಾನ್ ಸೈಮನ್ ಎಂಬ ಶಸ್ತ್ರವೈದ್ಯರು ಮೂತ್ರವನ್ನು ದೊಡ್ಡಕರುಳಿನ ಕೊನೆಯ ಭಾಗಕ್ಕೆ ತಿರುಗಿಸುವ ಪ್ರಯೋಗ ಮಾಡಿದರು. ಹುಟ್ಟುವಾಗಲೇ ಮೂತ್ರಕೋಶ ಹೊಟ್ಟೆಯ ಮೇಲೆ ತೆರೆದುಕೊಂಡಿದ್ದ ಬಾಲಕನೊಬ್ಬನಿಗಾಗಿ ಅವರು ಮಾಡಿದ ಉಪಾಯ ಅದು. ಗುದದ್ವಾರದ ಬಿಗಿತವೇ ಮಲ ಮೂತ್ರ ಎರಡನ್ನೂ ತಡೆಯುತ್ತದೆ, ಹೊರಗೆ ಚೀಲ ಬೇಕಿಲ್ಲ. ಕೇಳಲು ಚೆಂದ. ಮುಂದೆ ಈ ವಿಧಾನ ನೂರು ವರ್ಷ ಬಳಕೆಯಲ್ಲಿತ್ತು. ಆದರೆ ಮಲದ ಕ್ರಿಮಿಗಳು ಮೂತ್ರಪಿಂಡಕ್ಕೆ ಏರುತ್ತಿದ್ದವು, ರಕ್ತದಲ್ಲಿ ಆಮ್ಲ ಹೆಚ್ಚುತ್ತಿತ್ತು. ಎಷ್ಟೋ ವರ್ಷಗಳ ನಂತರ ಮೂತ್ರನಾಳ ಜೋಡಿಸಿದ ಜಾಗದಲ್ಲೇ ಕರುಳಿನ ಕ್ಯಾನ್ಸರ್ ಕಾಣಿಸಿಕೊಳ್ಳುವುದೂ ತಿಳಿಯಿತು. ಇದರ ಸುಧಾರಿಸಿದ ರೂಪ ಇಂದಿಗೂ ಇದೆ. ಅದನ್ನು ಮಾಡಿಸಿಕೊಂಡವರು ಕಾಲಕಾಲಕ್ಕೆ ಕರುಳಿನ ದುರ್ಬೀನು ಪರೀಕ್ಷೆ ಮಾಡಿಸಿಕೊಳ್ಳುತ್ತಲೇ ಇರಬೇಕು.

1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್ ಸರಳ ದಾರಿ ತೋರಿಸಿದರು. ಸಣ್ಣಕರುಳಿನ ಸುಮಾರು 15 ಸೆಂ.ಮೀ. ತುಂಡನ್ನು ಬೇರ್ಪಡಿಸಿ, ಒಂದು ತುದಿಗೆ ಮೂತ್ರನಾಳಗಳನ್ನು ಜೋಡಿಸಿ, ಇನ್ನೊಂದು ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರತೆರೆಯುವುದು. ಇದು ತೊಟ್ಟಿಯಲ್ಲ, ಕಾಲುವೆ. ಮೂತ್ರ ನಿಲ್ಲದೆ ಹರಿಯುತ್ತದೆ, ಅದನ್ನು ಹಿಡಿಯಲು ಹೊರಗೆ ಅಂಟಿಸುವ ಚೀಲ ಬೇಕು. ಮೂತ್ರ ಕರುಳಿನಲ್ಲಿ ನಿಲ್ಲದ ಕಾರಣ ಹೀರಿಕೆಯ ತೊಂದರೆ ಕಡಿಮೆ, ಆಪರೇಷನ್ನೂ ಬೇಗ ಮುಗಿಯುತ್ತದೆ. ಪ್ರಪಂಚದಲ್ಲಿ ಇಂದಿಗೂ ಅತಿ ಹೆಚ್ಚು ಜನರಿಗೆ ಮಾಡುವುದು ಇದನ್ನೇ.

ತೋಳು ಬಿಚ್ಚಿ ಹೊಲಿದ ಚೀಲ

ನನ್ನ ರೋಗಿಗಳಲ್ಲಿ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬರಿದ್ದಾರೆ. ಐವತ್ತರ ಆಸುಪಾಸು. ಮೂತ್ರಕೋಶ ತೆಗೆಸಿಕೊಂಡು ಆರು ವರ್ಷವಾಯಿತು. ಆಕೆಗೆ ಹೊರಗೆ ಚೀಲವಿಲ್ಲ. ಆಪರೇಷನ್ನಿನ ಮೊದಲು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಾಗ ಆಕೆ ಹೇಳಿದ ಮಾತು: "ಅಂದ್ರೆ ತೋಳು ಬಿಚ್ಚಿ ಚೀಲ ಹೊಲಿದ ಹಾಗೆ, ಅಲ್ವಾ ಸಾರ್?" ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಚೊಕ್ಕ ವಿವರಣೆಯನ್ನು ನಾನು ಓದಿರಲಿಲ್ಲ.

ಕರುಳು ಅಂಗಿಯ ತೋಳಿನಂತೆ ಕೊಳವೆ. ಅದರ ಗೋಡೆಯಲ್ಲಿ ಉಂಗುರ ಉಂಗುರವಾಗಿ ಸ್ನಾಯುಗಳಿವೆ. ಕೊಳವೆಯನ್ನು ಹಾಗೆಯೇ ಬಿಟ್ಟರೆ ಈ ಉಂಗುರಗಳು ಒಟ್ಟಾಗಿ ಹಿಂಡಿ ಒತ್ತಡ ಏರಿಸುತ್ತವೆ, ಮೂತ್ರ ಸೋರುತ್ತದೆ. ಅದರ ಬದಲು ಕೊಳವೆಯನ್ನು ಉದ್ದಕ್ಕೆ ಸೀಳಿ ಹಾಳೆಯಂತೆ ಬಿಡಿಸಿ, ಆ ಹಾಳೆಯನ್ನು ಮಡಚಿ ಅಂಚುಗಳನ್ನು ಹೊಲಿದರೆ ದುಂಡಗಿನ ಚೀಲವಾಗುತ್ತದೆ. ಉಂಗುರಗಳು ತುಂಡಾಗಿರುವುದರಿಂದ ಒಂದು ಕಡೆಯ ಸ್ನಾಯು ಹಿಂಡಿದಾಗ ಇನ್ನೊಂದು ಕಡೆ ಸಡಿಲವಿರುತ್ತದೆ, ಒತ್ತಡ ಏರುವುದಿಲ್ಲ. ಇನ್ನೂ ಒಂದು ಲಾಭವಿದೆ. ಒಮ್ಮೆ ಮಡಚಿ ಹೊಲಿದರೆ ಉದ್ದ ಅರ್ಧವಾಗುತ್ತದೆ, ಸುತ್ತಳತೆ ಎರಡು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ, ಅದೇ ಕರುಳು ಎರಡರಷ್ಟು ನೀರು ಹಿಡಿಯುತ್ತದೆ. ಹೈಸ್ಕೂಲಿನ ಮಕ್ಕಳಿರುವ ಮನೆಯಲ್ಲಿ ಕಾಗದದ ಸುರುಳಿ ಮಾಡಿ ಇದನ್ನು ಪರೀಕ್ಷಿಸಬಹುದು.

ಕರುಳನ್ನು ಸೀಳಿ ಹೊಲಿಯುವ ಈ ಉಪಾಯವನ್ನು ಕೆಲವು ವೈದ್ಯರು 1950ರ ದಶಕದಲ್ಲೇ ಮಾಡಿ ನೋಡಿದ್ದರು. ಅದು ವ್ಯಾಪಕ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ನಿಲ್ಸ್ ಕಾಕ್ 1982ರಲ್ಲಿ ಸಣ್ಣಕರುಳಿನ ಇಂಥ ಮೂತ್ರಚೀಲವನ್ನು ವರದಿ ಮಾಡಿದರು. ಬಾಯಿ ಸೋರದಂತೆ ಕರುಳಿನ ತುದಿಯನ್ನು ಅಂಗಿಯ ತೋಳು ಒಳಮಡಚಿದ ಹಾಗೆ ಮಡಚಿ ಕವಾಟ ಮಾಡಿದ್ದರು. ದಿನ ಕಳೆದಂತೆ ಕೆಲವರಲ್ಲಿ ಆ ಮಡಿಕೆ ಬಿಚ್ಚಿಕೊಂಡು ಮತ್ತೆ ಆಪರೇಷನ್ ಬೇಕಾಗುತ್ತಿತ್ತು. ಆಮೇಲೆ ಅಮೆರಿಕದ ಇಂಡಿಯಾನಾದ ವೈದ್ಯರು ಪ್ರಕೃತಿಯೇ ಕೊಟ್ಟಿರುವ ಕವಾಟವನ್ನು ಬಳಸಿದರು. ಸಣ್ಣಕರುಳು ದೊಡ್ಡಕರುಳನ್ನು ಸೇರುವಲ್ಲಿ ಹೋದದ್ದು ಹಿಂತಿರುಗದಂತೆ ತಡೆಯುವ ಒಂದು ಬಾಗಿಲಿದೆ. ದೊಡ್ಡಕರುಳಿನ ಬಲಭಾಗವನ್ನು ಸೀಳಿ ಚೀಲ ಮಾಡಿ, ಅದಕ್ಕಂಟಿದ ಸಣ್ಣಕರುಳಿನ ತುದಿಯನ್ನು ಕಿರಿದು ಮಾಡಿ, ಹೊಕ್ಕುಳಲ್ಲೋ ಹೊಟ್ಟೆಯ ಬಲಗೆಳಭಾಗದಲ್ಲೋ ಸಣ್ಣ ರಂಧ್ರವಾಗಿ ತೆರೆಯುತ್ತಾರೆ. ಇದಕ್ಕೆ ಇಂಡಿಯಾನಾ ಚೀಲ ಎಂದೇ ಹೆಸರು. ಫ್ರಾನ್ಸಿನ ಮಕ್ಕಳ ಶಸ್ತ್ರವೈದ್ಯ ಪಾಲ್ ಮಿತ್ರೊಫನೋಫ್ 1980ರಲ್ಲಿ ಅಪೆಂಡಿಕ್ಸನ್ನೇ ಈ ಕಿರುನಾಳವಾಗಿ ಬಳಸಿ ತೋರಿಸಿದರು. ನಿರುಪಯೋಗಿ ಎಂದು ನಾವು ಕತ್ತರಿಸಿ ಬಿಸಾಡುತ್ತಿದ್ದ ಅಂಗಕ್ಕೂ ಒಂದು ಕೆಲಸ ಸಿಕ್ಕಿತು.

ಈ ಚೀಲ ತಾನಾಗಿ ಖಾಲಿಯಾಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಆ ರಂಧ್ರದಲ್ಲಿ ತೆಳುವಾದ ಕ್ಯಾಥೀಟರ್ ನಳಿಕೆ ತೂರಿಸಿ ಮೂತ್ರ ತೆಗೆಯಬೇಕು. ಕೇಳಿದವರು ಮುಖ ಸಿಂಡರಿಸುತ್ತಾರೆ. ಆದರೆ ಇದರಲ್ಲಿ ನೋವಿಲ್ಲ. ಕರುಳಿನ ಒಳಪದರಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ. ಪ್ರತಿಸಲವೂ ಹೊಸ ನಳಿಕೆ, ಕೈಗವಸು ಬೇಕೇ ಎಂದರೆ ಅದೂ ಕಡ್ಡಾಯವಲ್ಲ. ಅಮೆರಿಕದ ಜಾಕ್ ಲ್ಯಾಪಿಡೆಸ್ 1972ರಲ್ಲಿ ಹೇಳಿದ ಮಾತು ವೈದ್ಯಲೋಕವನ್ನೇ ಬೆರಗುಗೊಳಿಸಿತ್ತು: ಆಪರೇಷನ್ ಕೋಣೆಯ ಮಡಿ ಬೇಡ, ಸಾಬೂನಿನಿಂದ ತೊಳೆದ ಕೈ ಮತ್ತು ತೊಳೆದ ನಳಿಕೆ ಸಾಕು. ತುಂಬಿದ ಮೂತ್ರವನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಸೋಂಕಿಗೆ ದೊಡ್ಡ ತಡೆ. ನಮ್ಮ ಹೊಲಿಗೆಯ ಹೆಣ್ಣುಮಗಳು ನಳಿಕೆಯನ್ನು ಪ್ಲಾಸ್ಟಿಕ್ ಸೋಪು ಡಬ್ಬಿಯಲ್ಲಿ ಸುತ್ತಿಟ್ಟು ವ್ಯಾನಿಟಿ ಬ್ಯಾಗಿನಲ್ಲಿ ಕೊಂಡೊಯ್ಯುತ್ತಾರೆ. ಮದುವೆ ಮನೆಯಲ್ಲಿ ಐದು ನಿಮಿಷ ಬಚ್ಚಲುಮನೆಗೆ ಹೋಗಿ ಬಂದರೆ ಯಾರಿಗೂ ತಿಳಿಯದು. ಆಕೆಯನ್ನು ಕಾಡುವುದು ಬಸ್ ನಿಲ್ದಾಣದ ಶೌಚಾಲಯಗಳು. ನೀರೂ ಚಿಲಕವೂ ಇರುವ ಶೌಚಾಲಯ ನಮ್ಮಲ್ಲಿ ಎಷ್ಟಿವೆಯೆಂದು ಲೆಕ್ಕ ಹಾಕಿದರೆ, ಈ ಆಪರೇಷನ್ನಿನ ಯಶಸ್ಸು ಶಸ್ತ್ರವೈದ್ಯರೊಬ್ಬರ ಕೈಯಲ್ಲಿಲ್ಲ ಎನಿಸುತ್ತದೆ.

ಹಳೆಯ ದಾರಿಗೇ ಹೊಸ ಮೂತ್ರಕೋಶ

ಇನ್ನೊಂದು ವಿಧಾನದಲ್ಲಿ ಹೊಟ್ಟೆಯ ಮೇಲೆ ರಂಧ್ರವೇ ಇಲ್ಲ. ಸಣ್ಣಕರುಳಿನಿಂದ ಮಾಡಿದ ಚೀಲವನ್ನು ಮೊದಲಿನ ಮೂತ್ರಕೋಶದ ಜಾಗದಲ್ಲೇ ಕೂರಿಸಿ, ಮೂತ್ರ ಹೊರಬರುವ ಹಳೆಯ ನಾಳಕ್ಕೆ ಜೋಡಿಸುತ್ತಾರೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸ್ಟೂಡರ್, ಜರ್ಮನಿಯ ಉಲ್ಮ್ ನಗರದ ಹೌಟ್‌ಮನ್ ಇವರ ಹೆಸರಿನ ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಎರಡಕ್ಕೂ ಸುಮಾರು 60 ಸೆಂ.ಮೀ. ಕರುಳು ಬೇಕು. ಹಳೆಯ ನಾಳದ ಸುತ್ತಲಿನ ಬಿಗಿಸ್ನಾಯುವೇ ಇಲ್ಲಿ ನಲ್ಲಿಯ ಕೆಲಸ ಮಾಡುತ್ತದೆ. ಆ ನಾಳಕ್ಕೆ ಕ್ಯಾನ್ಸರ್ ತಗಲಿರಬಾರದು ಎಂಬುದು ಮೊದಲ ಷರತ್ತು.

ಮೇಷ್ಟ್ರು ಕೇಳಿದೊಡನೆ ಒಪ್ಪಿದ್ದು ಇದನ್ನೇ. "ಹಾಗಾದರೆ ಮೊದಲಿನ ಹಾಗೇ ಆಯ್ತಲ್ಲ" ಎಂದರು. ಪೂರ್ತಿ ಹಾಗಲ್ಲ. ಈ ಮೂತ್ರಕೋಶ ತುಂಬಿದಾಗ ಮೊದಲಿನಂತೆ ಅವಸರವಾಗುವುದಿಲ್ಲ. ಹೊಟ್ಟೆ ಭಾರ ಎನಿಸಬಹುದು, ಅಷ್ಟೆ. ಹೀಗಾಗಿ ಗಡಿಯಾರ ನೋಡಿ ಎದ್ದು ಹೋಗಬೇಕು. ಮೊದಲ ವಾರಗಳಲ್ಲಿ ಎರಡು ಗಂಟೆಗೊಮ್ಮೆ, ಕ್ರಮೇಣ ಮೂರು ನಾಲ್ಕು ಗಂಟೆಗೊಮ್ಮೆ. ರಾತ್ರಿ ಅಲಾರಾಂ ಇಟ್ಟು ಏಳಬೇಕು. ಹೊಸ ಮೂತ್ರಕೋಶಕ್ಕೆ ತಾನೇ ಹಿಂಡಿಕೊಳ್ಳುವ ಶಕ್ತಿಯಿಲ್ಲ. ಗಂಡಸರೂ ಕುಳಿತುಕೊಂಡು, ಕೆಳಭಾಗ ಸಡಿಲಬಿಟ್ಟು, ಕಿಬ್ಬೊಟ್ಟೆ ಬಿಗಿದು ಮೂತ್ರ ಮಾಡುವುದನ್ನು ಹೊಸದಾಗಿ ಕಲಿಯಬೇಕು. ಹಗಲಿನ ಸೋರಿಕೆ ಬಹುಮಂದಿಗೆ ಕೆಲವು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ನಿದ್ದೆಯಲ್ಲಿ ಬಿಗಿಸ್ನಾಯು ಸಡಿಲವಾಗುವುದರಿಂದ ರಾತ್ರಿಯ ಸೋರಿಕೆ ಅನೇಕರಿಗೆ ಉಳಿದುಬಿಡುತ್ತದೆ. ಕೆಲವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಇದಕ್ಕೆ ತದ್ವಿರುದ್ಧ ತೊಂದರೆ ಕಾಣುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದೇ ಇಲ್ಲ. ಅಂಥವರಿಗೆ ಇಲ್ಲಿಯೂ ನಳಿಕೆಯೇ ಗತಿ. ಆದ್ದರಿಂದ ಆಪರೇಷನ್ನಿಗೆ ಮೊದಲೇ ನಳಿಕೆ ಹಾಕಿಕೊಳ್ಳಲು ಕಲಿಸಿರುತ್ತಾರೆ. ಕಲಿಯಲು ಒಪ್ಪದವರಿಗೆ ಈ ಆಪರೇಷನ್ ಮಾಡಬಾರದೆಂದೇ ನನ್ನ ಅಭಿಪ್ರಾಯ.

ಕರುಳು ಕರುಳೇ

ಚೀಲದ ಆಕಾರ ಬದಲಿಸಿದ ಮಾತ್ರಕ್ಕೆ ಕರುಳಿನ ಹೀರುವ ಬುದ್ಧಿ ಹೋಗುವುದಿಲ್ಲ. ಮೂತ್ರ ಗಂಟೆಗಟ್ಟಲೆ ನಿಂತಷ್ಟೂ ಅದರಲ್ಲಿನ ಆಮ್ಲ, ಕ್ಲೋರೈಡ್ ಲವಣ ರಕ್ತಕ್ಕೆ ಹಿಂತಿರುಗುತ್ತವೆ. ಮೂತ್ರಪಿಂಡಗಳು ಗಟ್ಟಿಯಾಗಿದ್ದರೆ ಈ ಹೆಚ್ಚುವರಿ ಆಮ್ಲವನ್ನು ಮತ್ತೆ ಹೊರಹಾಕುತ್ತವೆ. ಇಲ್ಲದಿದ್ದರೆ ಸುಸ್ತು, ಊಟ ಸೇರದಿರುವುದು, ತೂಕ ಇಳಿಯುವುದು, ಏದುಸಿರು ಶುರುವಾಗುತ್ತವೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ. ರಕ್ತ ಪರೀಕ್ಷೆಯಲ್ಲಿ ಇದು ಸುಲಭವಾಗಿ ಗೊತ್ತಾಗುತ್ತದೆ, ಸೋಡಿಯಂ ಬೈಕಾರ್ಬೊನೇಟ್ ಮಾತ್ರೆಯಿಂದ ಸರಿಹೋಗುತ್ತದೆ. ಆದರೆ 'ಕ್ಯಾನ್ಸರ್ ಮರುಕಳಿಸಿತು' ಎಂದು ಗಾಬರಿಯಾಗಿ ಕೈಚೆಲ್ಲಿ ಕುಳಿತ ಮನೆಯವರನ್ನೂ ಕಂಡಿದ್ದೇನೆ. ಅಡುಗೆ ಸೋಡಾದ ಜಾತಿಯ ಒಂದು ಮಾತ್ರೆಯಿಂದ ಆ ರೋಗಿ ಎದ್ದು ಓಡಾಡಿದರು.

ಜೀವಸತ್ವ ಬಿ12 ಹೀರಲ್ಪಡುವುದು ಸಣ್ಣಕರುಳಿನ ಕೊನೆಯ ಭಾಗದಲ್ಲಿ. ಸಣ್ಣಕರುಳಿನ ಚೀಲ ಮಾಡುವಾಗ ಶಸ್ತ್ರವೈದ್ಯರು ಆ ತುದಿಯ ಹದಿನೈದು ಇಪ್ಪತ್ತು ಸೆಂ.ಮೀ.ನಷ್ಟನ್ನು ಮುಟ್ಟದೆ ಉಳಿಸುತ್ತಾರೆ. ಇಂಡಿಯಾನಾ ಚೀಲದಲ್ಲಿ ಅದೇ ಬಳಕೆಯಾಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಕಾಲು ಜೋಮು ಹಿಡಿಯುವತನಕ ಕಾಯದೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಬೇಕಾದರೆ ಇಂಜೆಕ್ಷನ್ ತೆಗೆದುಕೊಳ್ಳಬೇಕು.

ಕರುಳು ಲೋಳೆಯನ್ನೂ ಸುರಿಸುತ್ತದೆ. ಮೂತ್ರದಲ್ಲಿ ಬಿಳಿ ಎಳೆಗಳು ತೇಲುವುದು ಸಹಜ. ಅದು ಹೆಚ್ಚಾಗಿ ನಳಿಕೆ ಕಟ್ಟಿಕೊಳ್ಳದಂತೆ ಚೆನ್ನಾಗಿ ನೀರು ಕುಡಿಯಬೇಕು, ವೈದ್ಯರು ಹೇಳಿಕೊಟ್ಟ ಹಾಗೆ ಪಿಚಕಾರಿಯಿಂದ ಚೀಲ ತೊಳೆಯಬೇಕು. ನಿಂತ ಲೋಳೆಯ ಸುತ್ತ ಕಲ್ಲು ಬೆಳೆಯುವುದುಂಟು. ನಳಿಕೆ ಒಳಗೆ ಹೋಗದಿದ್ದರೆ ಬಲವಂತ ಮಾಡದೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಅತಿಯಾಗಿ ತುಂಬಿದ ಚೀಲ ಒಡೆದರೆ ಪ್ರಾಣಾಪಾಯ. ಕುಡಿದು ಮೈಮರೆತು ಮಲಗುವ ಅಭ್ಯಾಸವಿದ್ದವರಿಗೆ ಈ ಅಪಾಯ ಮಿಕ್ಕವರಿಗಿಂತ ಹೆಚ್ಚು.

ನನ್ನಂಥ ಊರಿನ ವೈದ್ಯರು ಗಮನದಲ್ಲಿಡಬೇಕಾದ ಮಾತೊಂದಿದೆ. ಕರುಳಿನ ಚೀಲದ ಮೂತ್ರವನ್ನು ಲ್ಯಾಬಿಗೆ ಕಳಿಸಿದರೆ ಕೀವುಕಣ, ಬ್ಯಾಕ್ಟೀರಿಯಾ ಇದೆಯೆಂದು ವರದಿ ಬರುವುದು ಸಾಮಾನ್ಯ. ಜ್ವರ, ಪಕ್ಕೆ ನೋವು ಇಲ್ಲದಿದ್ದರೆ ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ವರದಿ ನೋಡಿ ಮಾತ್ರೆ ಬರೆಯುವ ಚಪಲವನ್ನು ತಡೆಯುವುದು ನನಗೂ ಕಷ್ಟವೇ ಆಗಿತ್ತು.

ಯಾರಿಗೆ ಯಾವುದು?

ಮೇಷ್ಟ್ರ ಕಥೆಗೆ ಬರೋಣ. ಅವರು ಮೊದಲ ಸಲ ಕೆಂಪು ಮೂತ್ರವೆಂದು ನನ್ನಲ್ಲಿಗೆ ಬಂದದ್ದು ಈ ಮಾತಿಗೆ ಎಂಟು ತಿಂಗಳ ಹಿಂದೆ. ನೋವಿರಲಿಲ್ಲ, ಉರಿಯಿರಲಿಲ್ಲ. ಮೂವತ್ತು ವರ್ಷ ಬೀಡಿ ಸೇದಿದವರು. ಮೂತ್ರಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆ ಮುಖ್ಯ ಕಾರಣವೆಂದು ಗೊತ್ತಿದ್ದೂ ನಾನು ಸೋಂಕಿರಬೇಕೆಂದು ಐದು ದಿನದ ಮಾತ್ರೆ ಕೊಟ್ಟೆ. ಎರಡೇ ದಿನದಲ್ಲಿ ರಕ್ತ ನಿಂತಿತು. ಅವರೂ ನಿಶ್ಚಿಂತರಾದರು, ನಾನೂ ನಿಶ್ಚಿಂತನಾದೆ. ಈ ಗಡ್ಡೆಯ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ. ಮಾತ್ರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅಂದೇ ಸ್ಕ್ಯಾನಿಂಗಿಗೂ ದುರ್ಬೀನು ಪರೀಕ್ಷೆಗೂ ಕಳಿಸಬೇಕಿತ್ತು. ಗಡ್ಡೆ ಬೆಳೆದು ಬಲಗಡೆಯ ಮೂತ್ರನಾಳದ ಬಾಯಿಯನ್ನು ಮುಚ್ಚಿ, ಆ ಮೂತ್ರಪಿಂಡ ಊದಿಕೊಂಡಿತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಎಡಗಡೆಯದೂ ಸೊರಗಿತ್ತು. ಬೆನ್ನಿನಿಂದ ನಳಿಕೆ ಹಾಕಿ ಮೂತ್ರ ಹೊರಬಿಟ್ಟ ಮೇಲೂ ರಕ್ತದ ಕ್ರಿಯಾಟಿನಿನ್ ಎರಡರ ಕೆಳಗೆ ಇಳಿಯಲಿಲ್ಲ.

ಅಂಥ ಮೂತ್ರಪಿಂಡಗಳಿಗೆ ಒಳಚೀಲ ಹಿಂತಿರುಗಿಸುವ ಆಮ್ಲವನ್ನು ನಿಭಾಯಿಸುವ ಶಕ್ತಿಯಿರುವುದಿಲ್ಲ. ಮೇಷ್ಟ್ರು ಬಯಸಿದ್ದ ಹೊಸ ಮೂತ್ರಕೋಶವೂ, ಹೊಲಿಗೆಯ ಹೆಣ್ಣುಮಗಳಿಗೆ ಸಿಕ್ಕ ಚೀಲವೂ ಅವರಿಗೆ ಲಭ್ಯವಿರಲಿಲ್ಲ. ಎಂಟು ತಿಂಗಳ ಮೊದಲು ಆ ಆಯ್ಕೆಯ ಮಾತಾದರೂ ಇರುತ್ತಿತ್ತೋ ಏನೋ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಎಷ್ಟೋ ಹುಡುಗರ ಲೆಕ್ಕ ತಪ್ಪಾಗಿ ತಿದ್ದಿದ್ದೀನಿ ಬಿಡಿ" ಎಂದರು.

ಯಕೃತ್ತಿನ ಕಾಯಿಲೆಯವರು, ಕರುಳಿಗೆ ಹಿಂದೆ ಹೆಚ್ಚು ವಿಕಿರಣ ಚಿಕಿತ್ಸೆ ಆದವರು, ಕರುಳಿನ ದೀರ್ಘ ರೋಗವಿರುವವರು, ಕೈ ನಡುಗುವವರು, ಮರೆವಿನ ಕಾಯಿಲೆಯವರು, ನೋಡಿಕೊಳ್ಳುವವರಿಲ್ಲದ ತೀರ ವಯಸ್ಸಾದವರು, ಇವರಿಗೂ ಒಳಚೀಲ ಬೇಡವೆನ್ನುತ್ತಾರೆ. ಹಾಗೆಂದು ಹೊರಚೀಲವನ್ನು ಶಿಕ್ಷೆಯೆಂದು ತಿಳಿಯಬೇಕಿಲ್ಲ. ಎರಡೂ ಬಗೆಯ ರೋಗಿಗಳ ಬದುಕನ್ನು ಹೋಲಿಸಿದ ಅಧ್ಯಯನಗಳು ಒಂದು ಇನ್ನೊಂದಕ್ಕಿಂತ ಖಚಿತವಾಗಿ ಮೇಲೆಂದು ತೋರಿಸಿಲ್ಲ. ಈಗಿನ ಚೀಲಗಳು ತೆಳ್ಳಗಿವೆ, ವಾಸನೆ ಬಿಡುವುದಿಲ್ಲ, ಕೆಲವು ದಿನಗಳಿಗೊಮ್ಮೆ ಬದಲಿಸಿದರಾಯಿತು. ಮುಖ್ಯವಾದದ್ದು ರಂಧ್ರದ ಜಾಗ. ಆಪರೇಷನ್ನಿನ ಹಿಂದಿನ ದಿನ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಗುರುತು ಹಾಕಬೇಕು. ಪಂಚೆ ಬಿಗಿಯುವ, ಸೀರೆಯ ನೆರಿಗೆ ಸಿಕ್ಕಿಸುವ, ಉಡಿದಾರ ಕೂರುವ ಜಾಗದಲ್ಲಿ ರಂಧ್ರ ಬಂದರೆ ಚೀಲ ಅಂಟುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ನಾಚಿಕೆ ಬೇಡ.

ತಜ್ಞರ ಬಳಿ ಹೋದಾಗ ಗಂಡ ಹೆಂಡತಿ ಇಬ್ಬರೂ ಹೋಗಿ. ಮೂರು ವಿಧಾನಗಳಲ್ಲಿ ನನಗೆ ಯಾವುದು ಹೊಂದುತ್ತದೆ, ಯಾವುದು ಏಕೆ ಹೊಂದುವುದಿಲ್ಲ, ಈ ಒಳಚೀಲವನ್ನು ಈ ಆಸ್ಪತ್ರೆಯಲ್ಲಿ ನಿಯಮಿತವಾಗಿ ಮಾಡುತ್ತಾರೆಯೇ ಎಂದು ನೇರವಾಗಿ ಕೇಳಿ. ದಾಂಪತ್ಯ ಜೀವನದ ಪ್ರಶ್ನೆಯನ್ನೂ ನುಂಗಿಕೊಳ್ಳಬೇಡಿ. ಕೆಲವರಲ್ಲಿ ಅದಕ್ಕೆ ಸಂಬಂಧಿಸಿದ ನರಗಳನ್ನು ಉಳಿಸಲು ಸಾಧ್ಯವಿರುತ್ತದೆ, ಆದರೆ ಅದು ಆಪರೇಷನ್ನಿಗೆ ಮೊದಲೇ ಆಗಬೇಕಾದ ಮಾತು. ರೋಬಾಟ್ ಯಂತ್ರದಿಂದ ಮಾಡುವ ಆಪರೇಷನ್ ದೊಡ್ಡ ನಗರಗಳಲ್ಲಿದೆ. ಗಾಯ ಚಿಕ್ಕದಿರಬಹುದು, ಒಳಗಿನ ಚೀಲ ಮತ್ತು ಅದರ ಶಿಸ್ತು ಅವೇ. ಮೊದಲು ಕಿಮೋಥೆರಪಿ ಕೊಟ್ಟು ಆಮೇಲೆ ಆಪರೇಷನ್ ಮಾಡುವುದಾಗಿ ಹೇಳಿದರೆ ಅದು ವಿಳಂಬವಲ್ಲ, ಚಿಕಿತ್ಸೆಯ ಭಾಗ. ನಾವಾಗಿ ಮುಂದೂಡುವ ತಿಂಗಳುಗಳೇ ಅಪಾಯಕಾರಿ.

ಒಳಚೀಲವಿರುವವರು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿರಬೇಕು. ಯಾವ ವಿಧಾನದ ಆಪರೇಷನ್, ಯಾವ ವರ್ಷ, ಯಾವ ಅಳತೆಯ ನಳಿಕೆ, ಎಷ್ಟು ಗಂಟೆಗೊಮ್ಮೆ ಖಾಲಿ ಮಾಡಬೇಕು ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿರಲಿ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದವರ ಹೊಕ್ಕುಳ ಬಳಿಯ ಆ ಚಿಕ್ಕ ರಂಧ್ರ ಏನೆಂದು ರಾತ್ರಿ ಪಾಳಿಯ ವೈದ್ಯರಿಗೆ ತಿಳಿಯದೇ ಹೋಗಬಹುದು. ಹೊಲಿಗೆಯ ಹೆಣ್ಣುಮಗಳು ತನ್ನ ಚೀಟಿಯನ್ನು ಅದೇ ಸೋಪು ಡಬ್ಬಿಯಲ್ಲಿಟ್ಟಿದ್ದರು. ಒದ್ದೆಯಾಗಿ ಅಕ್ಷರ ಅಳಿಸಿತ್ತು. ಹೋದ ತಿಂಗಳು ಬಂದಾಗ ಬೇರೆ ಬರೆದುಕೊಟ್ಟು, ಪರ್ಸಿನಲ್ಲಿಡಲು ಹೇಳಿ ಕಳಿಸಿದ್ದೇನೆ.